ಬಾರ್ಬಡೋಸ್: ಒಂದು ಹಗಲಿನ ಸುತ್ತಾಟ, ನಾಲ್ಕು ಶತಮಾನದ ಕಥೆ

ಕೆರಿಬಿಯನ್ ದ್ವೀಪಗಳ ಹೆಸರು ನಮ್ಮವರ ಕಿವಿಗೆ ಬಿದ್ದದ್ದು ಭೂಗೋಳದ ಪಾಠದಿಂದಲ್ಲ, ಕ್ರಿಕೆಟ್ ವೀಕ್ಷಕ ವಿವರಣೆಯಿಂದ. ಬಾರ್ಬಡೋಸ್ ಎಂದೊಡನೆ ಹಳೆಯ ತಲೆಮಾರಿನವರಿಗೆ ವೊರೆಲ್, ವೀಕ್ಸ್, ವಾಲ್ಕಾಟ್ ಎಂಬ ಮೂವರು 'ಡಬ್ಲ್ಯು'ಗಳು ನೆನಪಾಗುತ್ತಾರೆ. ನಂತರದವರಿಗೆ ನೆನಪಾಗುವುದು 1997ರ ಮಾರ್ಚ್ ತಿಂಗಳು. ರಾಜಧಾನಿ ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ ಗೆಲುವಿಗೆ ಕೇವಲ 120 ರನ್ ಬೇಕಿದ್ದ ಭಾರತ ತಂಡ 81ಕ್ಕೆ ಉರುಳಿಬಿದ್ದಿತ್ತು. ಆ ತಂಡದಲ್ಲಿದ್ದ ಕರ್ನಾಟಕದ ರಾಹುಲ್ ದ್ರಾವಿಡ್ 27 ವರ್ಷಗಳ ಬಳಿಕ, 2024ರ ಜೂನ್ 29ರಂದು, ಅದೇ ಮೈದಾನದಲ್ಲಿ ತರಬೇತುದಾರರಾಗಿ ಟ್ವೆಂಟಿ-20 ವಿಶ್ವಕಪ್ ಗೆಲುವನ್ನು ಕಂಡರು. ಗೆದ್ದ ತಂಡ ಕೂಡಲೇ ತಾಯ್ನಾಡಿಗೆ ಮರಳಲಾಗಲಿಲ್ಲ. ಬೆರಿಲ್ ಚಂಡಮಾರುತದ ಕಾರಣ ಕೆಲವು ದಿನ ದ್ವೀಪದಲ್ಲೇ ಉಳಿಯಬೇಕಾಯಿತು.

ಮೈದಾನದ ಗೋಡೆಯಾಚೆಗಿನ ಬಾರ್ಬಡೋಸ್ ಕುರಿತು ನಮಗೆ ತಿಳಿದಿರುವುದು ಅತ್ಯಲ್ಪ. ಉದ್ದ 34 ಕಿ.ಮೀ., ಅತಿ ಹೆಚ್ಚಿನ ಅಗಲ 23 ಕಿ.ಮೀ., ವಿಸ್ತೀರ್ಣ ಸುಮಾರು 430 ಚದರ ಕಿ.ಮೀ., ಜನಸಂಖ್ಯೆ ಮೂರು ಲಕ್ಷಕ್ಕಿಂತ ಕಡಿಮೆ. ವಿಸ್ತೀರ್ಣದಲ್ಲಿ ನಮ್ಮ ಎಷ್ಟೋ ತಾಲ್ಲೂಕುಗಳಿಗಿಂತ ಚಿಕ್ಕ ದೇಶ. ಆದ್ದರಿಂದಲೇ ಬೆಳಿಗ್ಗೆ ಹೊರಟು ಸೂರ್ಯಾಸ್ತದೊಳಗೆ ದ್ವೀಪವನ್ನು ಒಂದು ಸುತ್ತು ಹಾಕಿ ಬರುವ 'ಐಲೆಂಡ್ ಟೂರ್' ಇಲ್ಲಿ ಸಾಧ್ಯವಾಗಿದೆ. ಪ್ರವಾಸಿ ಹಡಗುಗಳಲ್ಲಿ ಬಂದು ಒಂದೇ ಹಗಲು ತಂಗುವವರಿಗೂ, ವಾರಗಟ್ಟಲೆ ಉಳಿಯುವವರಿಗೂ ಇದೇ ಮೊದಲ ಪರಿಚಯ. ಸಾಮಾನ್ಯವಾಗಿ ಸಣ್ಣ ವ್ಯಾನಿನಲ್ಲಿ ಪಯಣ, ಚಾಲಕನೇ ಮಾರ್ಗದರ್ಶಿ.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡುವುದು ಒಳಿತು. ಈ ದಾರಿಯಲ್ಲಿ ಕಿಟಕಿಯಾಚೆ ಕಾಣುವ ಹಸಿರಿನ ಬಹುಪಾಲು ನಿಸರ್ಗದ ಕೊಡುಗೆಯಲ್ಲ. ದಟ್ಟ ಕಾಡನ್ನು ಬುಡಸಮೇತ ಕಡಿದು, ಕಬ್ಬು ನೆಟ್ಟು, ಆಫ್ರಿಕಾದಿಂದ ಹೊತ್ತು ತಂದ ಗುಲಾಮರ ದುಡಿಮೆಯಿಂದ ರೂಪಿಸಿದ ನೆಲವಿದು. ಕೆಲವು ಮಾರ್ಗದರ್ಶಿಗಳು ಇದನ್ನು ಬಿಚ್ಚಿ ಹೇಳುತ್ತಾರೆ, ಕೆಲವರು ಹೂವು, ಮಂಗ, ರಮ್ಮು ಎಂದು ಮುಂದೆ ಸಾಗುತ್ತಾರೆ. ಕೇಳಿ ತಿಳಿಯಬೇಕಾದ ಜವಾಬ್ದಾರಿ ಪ್ರವಾಸಿಯದೂ ಹೌದು.

ಗಡ್ಡದ ಮರಗಳ ನಾಡು

'ಬಾರ್ಬಡೋಸ್' ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ಗಡ್ಡವುಳ್ಳವರು. ಕಡಲತೀರದಲ್ಲಿದ್ದ ಒಂದು ಜಾತಿಯ ಅತ್ತಿಮರಗಳ ಇಳಿಬಿದ್ದ ಬಿಳಲುಗಳನ್ನು ಕಂಡು ನಾವಿಕರು ಈ ಹೆಸರಿಟ್ಟರೆಂಬುದು ಪ್ರಚಲಿತ ವಿವರಣೆ. ಆಲದ ಬಿಳಲನ್ನು ಹಿಡಿದು ಜೋಕಾಲಿಯಾಡಿದ ನಮ್ಮವರಿಗೆ ಈ ಮರ ಅಪರಿಚಿತವೆನಿಸದು. ಆಂಗ್ಲ ಹಡಗೊಂದು ಇಲ್ಲಿಗೆ ಬಂದದ್ದು 1625ರಲ್ಲಿ, ನೆಲೆ ನಿಂತದ್ದು 1627ರ ಫೆಬ್ರವರಿಯಲ್ಲಿ. ಹಿಂದೊಮ್ಮೆ ಇಲ್ಲಿದ್ದ ಮೂಲನಿವಾಸಿಗಳು ಅಷ್ಟರಲ್ಲಿ ಇರಲಿಲ್ಲ. ಮೊದಲ ವಲಸಿಗರ ತಂಡದಲ್ಲಿ ಸುಮಾರು 80 ಬಿಳಿಯರು, ಜತೆಗೆ ಹತ್ತು ಮಂದಿ ಗುಲಾಮರು. ಮುಂದಿನ ಮುನ್ನೂರ ಮೂವತ್ತೊಂಬತ್ತು ವರ್ಷ ಈ ದ್ವೀಪ ಬ್ರಿಟನ್ನಿನ ಕೈ ತಪ್ಪಲಿಲ್ಲ. ನೆರೆಯ ದ್ವೀಪಗಳು ಫ್ರೆಂಚರು, ಸ್ಪೇನಿನವರು, ಡಚ್ಚರ ನಡುವೆ ಕೈಯಿಂದ ಕೈಗೆ ಬದಲಾಗುತ್ತಿದ್ದಾಗಲೂ ಇಲ್ಲಿ ಒಂದೇ ಬಾವುಟ ಹಾರಿತು. ಸ್ವಾತಂತ್ರ್ಯ ದೊರೆತದ್ದು 1966ರ ನವೆಂಬರ್ 30ರಂದು.

ಬೆಳಗಿನ ಬ್ರಿಜ್‌ಟೌನ್

ಸುತ್ತಾಟ ಆರಂಭವಾಗುವುದು ರಾಜಧಾನಿಯಿಂದ. ಹಳೆಯ ಬ್ರಿಜ್‌ಟೌನ್ ಮತ್ತು ಅದರ ಸೇನಾ ಪಾಳೆಯ 'ಗ್ಯಾರಿಸನ್' 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಇಲ್ಲಿನ ಶಾಸನಸಭೆಯ ಮೂಲ 1639ಕ್ಕೆ ಹೋಗುತ್ತದೆ. ಈಗಿನ ಹವಳಗಲ್ಲಿನ ಸಂಸತ್ ಭವನ 1870ರ ದಶಕದ್ದು. ಅದರ ಎದುರಿನ ಚೌಕಕ್ಕೆ ಮೊದಲು ಟ್ರಫಾಲ್ಗರ್ ಚೌಕವೆಂದೇ ಹೆಸರಿತ್ತು. ನೌಕಾಧಿಪತಿ ನೆಲ್ಸನ್ ಪ್ರತಿಮೆ ಲಂಡನ್ನಿನಲ್ಲಿ ತಲೆಯೆತ್ತುವುದಕ್ಕೂ ಮೂರು ದಶಕ ಮುನ್ನ, 1813ರಲ್ಲೇ, ಇಲ್ಲಿ ನಿಂತಿತ್ತು. 1999ರಲ್ಲಿ ಇದು ರಾಷ್ಟ್ರವೀರರ ಚೌಕವಾಯಿತು. ನೆಲ್ಸನ್ ಮಾತ್ರ ಅಲ್ಲಿಯೇ ಇದ್ದ. ಗುಲಾಮಗಿರಿಯನ್ನು ಬೆಂಬಲಿಸಿದವನೆಂಬ ಆಕ್ಷೇಪ ಬಹುಕಾಲದಿಂದ ಇದ್ದು, ಕೊನೆಗೆ 2020ರ ನವೆಂಬರ್ 16ರಂದು ಅವನನ್ನು ಕೆಳಗಿಳಿಸಲಾಯಿತು. ಮರುವರ್ಷ ನವೆಂಬರ್ 30ರಂದು ಬಾರ್ಬಡೋಸ್ ಬ್ರಿಟಿಷ್ ರಾಣಿಯನ್ನು ರಾಷ್ಟ್ರಮುಖ್ಯಸ್ಥೆಯ ಸ್ಥಾನದಿಂದ ಬಿಟ್ಟು ಗಣರಾಜ್ಯವಾಯಿತು. ಸಾಂಡ್ರಾ ಮೇಸನ್ ಪ್ರಥಮ ಅಧ್ಯಕ್ಷರಾದರು. ಅದೇ ಸಮಾರಂಭದಲ್ಲಿ ಗಾಯಕಿ ರಿಹಾನಾ ಅವರನ್ನು ರಾಷ್ಟ್ರವೀರೆ ಎಂದು ಘೋಷಿಸಲಾಯಿತು. ಕ್ರಿಕೆಟಿಗ ಗ್ಯಾರಿ ಸೋಬರ್ಸ್ 1998ರಿಂದಲೇ ಆ ಪಟ್ಟಿಯಲ್ಲಿದ್ದಾರೆ.

ಚೌಕದಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ಯಹೂದ್ಯರ ಪ್ರಾರ್ಥನಾ ಮಂದಿರ 'ನಿಧೆ ಇಸ್ರೇಲ್' ಇದೆ. 1654ರಲ್ಲಿ ಕಟ್ಟಿದ ಮೂಲ ಮಂದಿರ 1831ರ ಚಂಡಮಾರುತದಲ್ಲಿ ನೆಲಸಮವಾಗಿ, ಎರಡು ವರ್ಷಗಳಲ್ಲಿ ಮರುನಿರ್ಮಾಣವಾಯಿತು.

ಗ್ಯಾರಿಸನ್ ಪ್ರದೇಶದಲ್ಲಿ ಪ್ರವಾಸಿಗರು ತಪ್ಪದೆ ನೋಡುವುದು ಜಾರ್ಜ್ ವಾಷಿಂಗ್ಟನ್ ತಂಗಿದ್ದ ಮನೆ. ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಈತ 1751ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಕಾಯಿಲೆಯ ಅಣ್ಣನ ಜತೆ ಹವಾ ಬದಲಾವಣೆಗೆಂದು ಇಲ್ಲಿಗೆ ಬಂದಿದ್ದ. ಅವನು ಜೀವಮಾನದಲ್ಲಿ ಮಾಡಿದ ಒಂದೇ ವಿದೇಶ ಪ್ರಯಾಣವಿದು. ಇಲ್ಲಿಯೇ ಅವನಿಗೆ ಸಿಡುಬು ತಗುಲಿ, ವಾಸಿಯಾಯಿತು. ಒಮ್ಮೆ ಬಂದವರಿಗೆ ಮತ್ತೆ ಬಾರದ ಆ ರೋಗ ಮುಂದೆ ಯುದ್ಧಕಾಲದಲ್ಲಿ ಅವನ ಸೈನಿಕರನ್ನು ಕಾಡಿದರೂ ಅವನನ್ನು ಮುಟ್ಟಲಿಲ್ಲ. ಪಕ್ಕದಲ್ಲೇ, ಹಳೆಯ ಸೇನಾ ಸೆರೆಮನೆಯ ಕಟ್ಟಡದಲ್ಲಿ ಬಾರ್ಬಡೋಸ್ ವಸ್ತುಸಂಗ್ರಹಾಲಯವಿದೆ. ಸಮಯದ ಅಭಾವವಿದ್ದರೆ ವಾಷಿಂಗ್ಟನ್ ಮನೆಯನ್ನು ಬಿಟ್ಟು ಇದನ್ನು ನೋಡುವುದು ಲೇಸೆಂದು ಈ ಲೇಖಕನ ಅಭಿಪ್ರಾಯ.

ನೋಟದ ಗುಡ್ಡ ಯಾರನ್ನು ನೋಡಲು?

ನಗರ ಬಿಟ್ಟು ಹೆದ್ದಾರಿಗೆ ಬಂದರೆ ವೃತ್ತವೊಂದರ ನಡುವೆ ಕಂಚಿನ ಪ್ರತಿಮೆಯೊಂದು ಎದುರಾಗುತ್ತದೆ. ಎರಡೂ ಕೈಗಳನ್ನು ಮೇಲೆತ್ತಿದ, ಮಣಿಕಟ್ಟುಗಳಿಂದ ತುಂಡಾದ ಸರಪಳಿ ಜೋತುಬಿದ್ದ ಮನುಷ್ಯ. 1985ರಲ್ಲಿ ಸ್ಥಾಪಿಸಿದ ಈ ವಿಮೋಚನಾ ಪ್ರತಿಮೆಯ ಶಿಲ್ಪಿ ಕಾರ್ಲ್ ಬ್ರೂಡ್‌ಹಾಗನ್. ಜನ ಇದನ್ನು 'ಬುಸ್ಸಾ' ಎಂದೇ ಕರೆಯುತ್ತಾರೆ.

ಬುಸ್ಸಾ ಆಫ್ರಿಕಾದಲ್ಲಿ ಹುಟ್ಟಿ ಇಲ್ಲಿ ಮಾರಾಟವಾದ ಗುಲಾಮ. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತ್ತಾದರೂ ಗುಲಾಮಗಿರಿ ಮುಂದುವರಿದಿತ್ತು. 1815ರಲ್ಲಿ ಗುಲಾಮರ ನೋಂದಣಿ ಕುರಿತ ಮಸೂದೆ ಲಂಡನ್ನಿನಲ್ಲಿ ಚರ್ಚೆಗೆ ಬಂದಾಗ, ಸ್ವಾತಂತ್ರ್ಯ ಮಂಜೂರಾಗಿದೆ, ಒಡೆಯರು ಬಚ್ಚಿಟ್ಟಿದ್ದಾರೆ ಎಂಬ ಸುದ್ದಿ ತೋಟಗಳಲ್ಲಿ ಹರಡಿತು. ಓದು ಬಲ್ಲ ನ್ಯಾನಿ ಗ್ರಿಗ್ ಎಂಬ ಮನೆಗೆಲಸದ ಹೆಣ್ಣುಮಗಳು ಪತ್ರಿಕೆಗಳಲ್ಲಿ ಕಂಡದ್ದನ್ನು ಉಳಿದವರಿಗೆ ತಿಳಿಸುತ್ತಿದ್ದಳೆಂದು ಅಂದಿನ ವಿಚಾರಣಾ ದಾಖಲೆಗಳಿಂದ ತಿಳಿಯುತ್ತದೆ. 1816ರ ಏಪ್ರಿಲ್ 14, ಈಸ್ಟರ್ ಭಾನುವಾರದ ರಾತ್ರಿ ಕಬ್ಬಿನ ಗದ್ದೆಗಳು ಹೊತ್ತಿ ಉರಿದವು. ದಂಗೆ ಸುಮಾರು 70 ತೋಟಗಳಿಗೆ ವ್ಯಾಪಿಸಿತು. ಕೆಲವೇ ದಿನಗಳಲ್ಲಿ ಅದನ್ನು ಹತ್ತಿಕ್ಕಲಾಯಿತು. ಬುಸ್ಸಾ ಹೋರಾಟದಲ್ಲೇ ಮಡಿದ. ನಂತರ ಗಲ್ಲಿಗೇರಿದವರು, ಗಡೀಪಾರಾದವರು ನೂರಾರು ಮಂದಿ. ದಂಗೆಯನ್ನು ಅಡಗಿಸಿದ ಪಡೆಯಲ್ಲಿ ಕಪ್ಪು ಸೈನಿಕರೂ ಇದ್ದರೆಂಬುದು ವಿಷಾದದ ಸಂಗತಿ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ತಾಣ ಗನ್ ಹಿಲ್ ಏರಬೇಕು. ದ್ವೀಪದ ದಕ್ಷಿಣ ಭಾಗವೆಲ್ಲ ಇಲ್ಲಿಂದ ಹರಿವಾಣದಂತೆ ಕಾಣುತ್ತದೆ. ಕಣಿವೆ, ಕಬ್ಬು, ಆಚೆಗೆ ನೀಲಿ ಕಡಲು. ಎಲ್ಲರೂ ಕ್ಯಾಮೆರಾ ತೆಗೆಯುವ ಜಾಗವಿದು. ಈ ಸಂಕೇತ ಕೇಂದ್ರವನ್ನು ಕಟ್ಟಿದ್ದು 1818ರಲ್ಲಿ, ಅಂದರೆ ದಂಗೆಯ ಎರಡು ವರ್ಷದ ಬಳಿಕ. ಎತ್ತರದ ಸ್ಥಳಗಳಲ್ಲಿ ನಿರ್ಮಿಸಿದ ಆರು ಕೇಂದ್ರಗಳ ಸರಣಿಯಲ್ಲಿ ಇದೊಂದು. ಬಾವುಟಗಳ ಮೂಲಕ ಒಂದು ಗುಡ್ಡದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲಾಗುತ್ತಿತ್ತು. ಬರುವ ಹಡಗುಗಳ ಸೂಚನೆ ಅದರ ಒಂದು ಕೆಲಸ. ಗದ್ದೆಗಳಲ್ಲಿ ಮತ್ತೆ ದಂಗೆ ಎದ್ದರೆ ಕ್ಷಣಮಾತ್ರದಲ್ಲಿ ಸೇನೆಗೆ ತಿಳಿಸುವುದು ಇನ್ನೊಂದು. ಈ ರಮಣೀಯ ನೋಟ ಒಂದು ಕಾಲಕ್ಕೆ ಕಾವಲುಗಣ್ಣಿನ ನೋಟವಾಗಿತ್ತು. ಗುಡ್ಡದ ಇಳಿಜಾರಿನಲ್ಲಿ ಸುಣ್ಣಕಲ್ಲಿನಲ್ಲೇ ಕೆತ್ತಿದ ದೊಡ್ಡ ಬಿಳಿ ಸಿಂಹವಿದೆ. 1868ರಲ್ಲಿ ಹೆನ್ರಿ ವಿಲ್ಕಿನ್ಸನ್ ಎಂಬ ಸೇನಾಧಿಕಾರಿ ಇದನ್ನು ರೂಪಿಸಿದ.

ಪೂರ್ವ ಕರಾವಳಿಯತ್ತ

ಗನ್ ಹಿಲ್‌ನ ಸನಿಹದಲ್ಲೇ ಡ್ರ್ಯಾಕ್ಸ್ ಹಾಲ್ ತೋಟವಿದೆ. 1640ರ ದಶಕದಲ್ಲಿ ಜೇಮ್ಸ್ ಡ್ರ್ಯಾಕ್ಸ್ ಮೊದಲಾದವರು ಹತ್ತಿ, ಹೊಗೆಸೊಪ್ಪುಗಳನ್ನು ಬಿಟ್ಟು ಕಬ್ಬಿಗೆ ತಿರುಗಿದರು. ಬ್ರೆಜಿಲ್‌ನಲ್ಲಿದ್ದ ಡಚ್ಚರಿಂದ ಅರೆಯುವ, ಕುದಿಸುವ ವಿದ್ಯೆ ಬಂದಿತು. ಒಂದೆರಡು ದಶಕಗಳಲ್ಲೇ ಕಾಡು ಕಣ್ಮರೆಯಾಯಿತು. 1661ರಲ್ಲಿ ಇಲ್ಲಿನ ಶಾಸನಸಭೆ ಗುಲಾಮರನ್ನು ಆಳುವ ಕಾನೂನನ್ನು ರಚಿಸಿತು. ಜಮೈಕಾ, ಆಂಟಿಗುವಾ, ಅಮೆರಿಕದ ದಕ್ಷಿಣ ಕೆರೊಲಿನಾಗಳಿಗೆ ಇದೇ ಮಾದರಿಯಾಯಿತು. ಡ್ರ್ಯಾಕ್ಸ್ ಹಾಲ್ 2024ರಲ್ಲೂ ಅದೇ ವಂಶದ ಒಡೆತನದಲ್ಲಿತ್ತು. ಅದರ 53 ಎಕರೆಯನ್ನು ಮನೆಗಳಿಗಾಗಿ ಹಣ ಕೊಟ್ಟು ಕೊಳ್ಳಲು ಸರ್ಕಾರ ಮುಂದಾದಾಗ, ಪರಿಹಾರ ಕೊಡಬೇಕಾದವರಿಗೆ ನಾವೇಕೆ ಹಣ ಕೊಡಬೇಕು ಎಂದು ಜನ ಪ್ರಶ್ನಿಸಿದರು. ಆ ಏಪ್ರಿಲ್‌ನಲ್ಲಿ ಸರ್ಕಾರ ಖರೀದಿಯನ್ನು ತಡೆಹಿಡಿಯಿತು. ಸಾಮಾನ್ಯವಾಗಿ ವ್ಯಾನು ಇಲ್ಲಿ ನಿಲ್ಲುವುದಿಲ್ಲ. ರಸ್ತೆಯಿಂದಲೇ ಕೈ ತೋರಿಸಿ ಮುಂದೆ ಸಾಗುತ್ತದೆ.

ಬಂಡೆಯಂಚಿನ ಸೇಂಟ್ ಜಾನ್ ಚರ್ಚು ಹೆಚ್ಚಿನ ಪ್ರವಾಸಗಳ ನಿಲುಗಡೆ. ಹಿಂಬದಿಯ ಸ್ಮಶಾನದಲ್ಲಿ ಬೈಜಾಂಟಿಯಂ ಚಕ್ರವರ್ತಿಗಳ ವಂಶಜನೆನಿಸಿದ ಫರ್ಡಿನಾಂಡೊ ಪೇಲಿಯೋಲೊಗಸ್‌ನ ಸಮಾಧಿಯಿದೆ. ಕಾನ್‌ಸ್ಟಾಂಟಿನೋಪಲ್ ಕಳೆದುಕೊಂಡ ವಂಶದ ಕುಡಿಯೊಬ್ಬ ಕಬ್ಬಿನ ದ್ವೀಪದಲ್ಲಿ ತೋಟಗಾರನಾಗಿ ಮಣ್ಣಾದದ್ದು ಇತಿಹಾಸದ ಸೋಜಿಗವೇ ಸರಿ.

ಕೆಳಗಿಳಿದರೆ ಕಾಡ್ರಿಂಗ್ಟನ್ ಕಾಲೇಜು. ಎತ್ತರದ ತಾಳೆಮರಗಳ ಸಾಲು, ಕಮಲದ ಕೊಳ, ಕಮಾನುಗಳ ಆಚೆ ಸಮುದ್ರ. ಮದುವೆಯ ಛಾಯಾಚಿತ್ರಕ್ಕೆ ಹೇಳಿ ಮಾಡಿಸಿದಂತಹ ಜಾಗ. 1710ರಲ್ಲಿ ತೀರಿಕೊಂಡ ಕ್ರಿಸ್ಟೋಫರ್ ಕಾಡ್ರಿಂಗ್ಟನ್ ತನ್ನ ತೋಟಗಳನ್ನು, ಅವುಗಳ ಗುಲಾಮರ ಸಹಿತ, ಇಂಗ್ಲೆಂಡಿನ ಒಂದು ಧರ್ಮಪ್ರಚಾರ ಸಂಘಕ್ಕೆ ಉಯಿಲು ಬರೆದಿದ್ದ. ಹೀಗೆ ಧರ್ಮ ಬೋಧಿಸುವ ಸಂಘವೇ ಗುಲಾಮರ ಒಡೆಯನಾಯಿತು. ಅವರ ಎದೆಯ ಮೇಲೆ 'ಸೊಸೈಟಿ' ಎಂಬ ಪದವನ್ನು ಕಾದ ಕಬ್ಬಿಣದಿಂದ ಬರೆಹಾಕಲಾಗುತ್ತಿತ್ತು. 2006ರಲ್ಲಿ ಇಂಗ್ಲೆಂಡಿನ ಚರ್ಚು ಇದಕ್ಕಾಗಿ ಕ್ಷಮೆಯಾಚಿಸಿತು. 2023ರಲ್ಲಿ ಆ ಸಂಘದ ಇಂದಿನ ಉತ್ತರಾಧಿಕಾರಿ ಸಂಸ್ಥೆ, ಅಲ್ಲಿ ದುಡಿದವರ ವಂಶಜರಿಗಾಗಿ 1.8 ಕೋಟಿ ಬಾರ್ಬಡೋಸ್ ಡಾಲರ್‌ಗಳ ಯೋಜನೆಯನ್ನು ಪ್ರಕಟಿಸಿತು.

ಮಧ್ಯಾಹ್ನದ ಊಟ ಸಾಮಾನ್ಯವಾಗಿ ಬತ್‌ಶೀಬಾದಲ್ಲಿ. ದ್ವೀಪದ ಪಶ್ಚಿಮ ಕಡಲು ಕೆರೆಯಂತೆ ಶಾಂತವಾದರೆ, ಪೂರ್ವದಲ್ಲಿ ಅಟ್ಲಾಂಟಿಕ್ ಸಾಗರ ಆಫ್ರಿಕಾದಿಂದ ಇಲ್ಲಿಯವರೆಗೆ ತಡೆಯಿಲ್ಲದೆ ಬಂದು ಬಡಿಯುತ್ತದೆ. ಬುಡ ಸವೆದು ಅಣಬೆಯಾಕಾರ ತಳೆದ ಬೃಹತ್ ಹವಳಬಂಡೆಗಳು ದಡದಲ್ಲಿ ನಿಂತಿವೆ. ಅಲೆಹಲಗೆ ಆಟಗಾರರಿಗೆ ಇದು ಸ್ವರ್ಗ. ಈಜಲು ಇಳಿಯುವುದು ಮಾತ್ರ ಅಪಾಯ. ತಟ್ಟೆಯಲ್ಲಿ ಬರುವುದು ರಾಷ್ಟ್ರೀಯ ಖಾದ್ಯ: ಹಾರುಮೀನು ಮತ್ತು 'ಕೂಕೂ'. ಬೆಂಡೆಕಾಯಿ ಬೇಯಿಸಿದ ಲೋಳೆನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ ಮರದ ಕೋಲಿನಿಂದ ಗಂಟಾಗದಂತೆ ತಿರುವುವುದೇ ಕೂಕೂ. ಮುದ್ದೆ ತಿರುವಿದ ಕೈಗಳಿಗೆ ಇದನ್ನು ಕಲಿಸಬೇಕಾಗಿಲ್ಲ. ಸಸ್ಯಾಹಾರಿಗಳಿಗೆ ಮ್ಯಾಕರೋನಿ ಪೈ, ಅನ್ನ-ಅಲಸಂದೆ, ಹುರಿದ ಬಾಳೆ ದೊರೆಯುತ್ತವೆ.

ದ್ವೀಪದ ನಡುವಿನ ಹ್ಯಾರಿಸನ್ ಗುಹೆ ಕೆಲವು ಪ್ರವಾಸಗಳಲ್ಲಿ ಸೇರಿರುತ್ತದೆ. ನೆರೆಯ ದ್ವೀಪಗಳಂತೆ ಬಾರ್ಬಡೋಸ್ ಜ್ವಾಲಾಮುಖಿಯಿಂದ ಹುಟ್ಟಿದ್ದಲ್ಲ. ನೆಲದ ಶೇ 85ರಷ್ಟು ಭಾಗಕ್ಕೆ ಹವಳದ ಸುಣ್ಣಕಲ್ಲಿನ ಹೊದಿಕೆಯಿದೆ. ಮಳೆನೀರು ಇಂಗಿ ಕೊರೆದ ಗುಹೆಯೊಳಗೆ ಟ್ರಾಮ್‌ನಲ್ಲಿ ಕುಳಿತು ಹೋಗಬಹುದು.

ಗಾಳಿಯಂತ್ರ ಮತ್ತು ಆಲೆಮನೆ

ಉತ್ತರದ ಚೆರ್ರಿ ಟ್ರೀ ಹಿಲ್ ಏರಿದರೆ ಮಹಾಗನಿ ಮರಗಳ ಸಾಲು. ಅದರಾಚೆ ಸವೆದ ಬೆಟ್ಟಗಳ ಸ್ಕಾಟ್‌ಲೆಂಡ್ ಪ್ರದೇಶ ಕಾಣುತ್ತದೆ. ಇಳಿಜಾರಿನಲ್ಲಿ ಮಾರ್ಗನ್ ಲೂಯಿಸ್ ಗಾಳಿಯಂತ್ರವಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಐನೂರಕ್ಕೂ ಹೆಚ್ಚು ಇಂತಹ ಯಂತ್ರಗಳು ದ್ವೀಪದಲ್ಲಿ ತಿರುಗುತ್ತಿದ್ದವು. ಯಂತ್ರಭಾಗಗಳ ಸಹಿತ ಉಳಿದದ್ದು ಇದು.

ಮಂಡ್ಯ, ಬೆಳಗಾವಿ ಕಡೆಯ ಆಲೆಮನೆ ಕಂಡವರಿಗೆ ಇದರ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಗಾಣಕ್ಕೆ ಎತ್ತಿನ ಬದಲು ಗಾಳಿ. ಮೂರು ಉರುಳೆಗಳ ನಡುವೆ ಕಬ್ಬು ಕೊಡಬೇಕು, ಹಾಲು ಕೊಳವೆಯಲ್ಲಿ ಹರಿದು ಕುದಿಸುವ ಮನೆಗೆ ಹೋಗಬೇಕು. ಅಲ್ಲಿ ಸಾಲಾಗಿ ಕೊಪ್ಪರಿಗೆಗಳು, ದೊಡ್ಡದರಿಂದ ಚಿಕ್ಕದಕ್ಕೆ ಸೌಟಿನಿಂದ ತೋಡುತ್ತ ಹದ ಬರಿಸಬೇಕು. ಉಳಿದ ಕಾಕಂಬಿಯಿಂದ ರಮ್. ಕಡಿದ ಕಬ್ಬು ಹುಳಿಯುವುದರೊಳಗೆ ಅರೆಯಬೇಕಾದ್ದರಿಂದ ಸುಗ್ಗಿಯಲ್ಲಿ ಹಗಲು ರಾತ್ರಿ ಕೆಲಸ. ನಿದ್ದೆಗಣ್ಣಿನಲ್ಲಿ ಕಬ್ಬು ಕೊಡುವವರ ಬೆರಳು ಉರುಳೆಗೆ ಸಿಕ್ಕರೆ ಗಾಳಿಯನ್ನು ನಿಲ್ಲಿಸುವಂತಿಲ್ಲ. ಕೆರಿಬಿಯನ್ ತೋಟಗಳಲ್ಲಿ ಗಾಣದ ಪಕ್ಕದಲ್ಲೇ ತೋಳು ಕಡಿಯಲು ಕೊಡಲಿ ಇಟ್ಟಿರುತ್ತಿದ್ದರು.

ಸಮೀಪದ ಸೇಂಟ್ ನಿಕೋಲಸ್ ಅಬೆ ಹೆಸರಿಗೆ ಮಠ, ವಾಸ್ತವವಾಗಿ 1658ರ ಸುಮಾರಿನ ತೋಟದೊಡೆಯರ ಬಂಗಲೆ. ವರ್ಷವಿಡೀ ಸೆಕೆಯ ನಾಡಿನಲ್ಲಿ ಇದಕ್ಕೆ ಬೆಂಕಿಗೂಡುಗಳಿವೆ! ಇಂಗ್ಲೆಂಡಿನ ನಕ್ಷೆಯನ್ನು ಇದ್ದಂತೆಯೇ ಕಟ್ಟಿದ್ದರ ಫಲವಿರಬೇಕು. ಇಲ್ಲಿ ಈಗಲೂ ಕಬ್ಬು ಅರೆದು ರಮ್ ತಯಾರಿಸುತ್ತಾರೆ. 2019ರಿಂದ ಉಗಿಬಂಡಿಯ ಸವಾರಿಯೂ ಇದೆ.

ಕಬ್ಬಿನ ಇನ್ನೊಂದು ಸಂಗತಿ ನಮ್ಮ ರೈತರಿಗೂ ಸಂಬಂಧಿಸಿದ್ದು. ಕಬ್ಬು ಬೀಜದಿಂದಲೂ ಮೊಳೆಯುತ್ತದೆಂಬುದನ್ನು 1880ರ ದಶಕದಲ್ಲಿ ಜಾವಾ ಮತ್ತು ಬಾರ್ಬಡೋಸ್‌ಗಳಲ್ಲಿ ಖಚಿತಪಡಿಸಲಾಯಿತು. ಬಾರ್ಬಡೋಸ್‌ನಲ್ಲಿ ಇದನ್ನು ಸಾಧಿಸಿದವರು ಹ್ಯಾರಿಸನ್ ಮತ್ತು ಬೋವೆಲ್. ತಳಿಸಂಕರಕ್ಕೆ ದಾರಿ ತೆರೆದದ್ದು ಈ ಶೋಧ. 1912ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪನೆಯಾದ ಕಬ್ಬು ತಳಿ ಕೇಂದ್ರದ ಕೆಲಸವೂ ಇದೇ ತಿಳಿವಿನ ಮೇಲೆ ನಿಂತಿತು.

ಸಂಜೆಯ ಪಶ್ಚಿಮ ತೀರ

ಮರಳುವ ದಾರಿಯ ಹೋಲ್‌ಟೌನ್‌ನಲ್ಲಿ ಆಂಗ್ಲರ ಆಗಮನದ ಸ್ಮಾರಕವಿದೆ. 1905ರಲ್ಲಿ ನಿಲ್ಲಿಸಿದ ಈ ಕಲ್ಲಿನ ಮೇಲೆ 1605 ಎಂದು ಕೆತ್ತಲಾಗಿದೆ. ಇಪ್ಪತ್ತು ವರ್ಷ ತಪ್ಪಿದ ಲೆಕ್ಕ! ದಾರಿಯುದ್ದಕ್ಕೂ ಕಾಣುವ ಪುಟ್ಟ ಮರದ ಮನೆಗಳನ್ನು ಗಮನಿಸಬೇಕು. ಸಡಿಲ ಕಲ್ಲುಗಳ ಮೇಲೆ ಕೂರಿಸಿದ ಇವುಗಳ ಹೆಸರು 'ಚಾಟೆಲ್ ಹೌಸ್'. 1834ರಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಗಿ, 1838ರಲ್ಲಿ ಪೂರ್ಣ ಬಿಡುಗಡೆ ದೊರೆತಾಗ ಸುಮಾರು 83 ಸಾವಿರ ಜನ ಸ್ವತಂತ್ರರಾದರು. ಸಾಮ್ರಾಜ್ಯದಾದ್ಯಂತ ಒಡೆಯರಿಗೆ ಬ್ರಿಟನ್ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ದುಡಿದವರಿಗೆ ಬಿಡಿಗಾಸೂ ಇಲ್ಲ. ಮನೆ ತಮ್ಮದು, ನೆಲ ತೋಟದೊಡೆಯನದು. ಎಬ್ಬಿಸಿದರೆ ಹಲಗೆಗಳನ್ನು ಬಿಚ್ಚಿ ಗಾಡಿಗೆ ಹೇರಿಕೊಂಡು ಹೊರಡಬೇಕು. ಅದಕ್ಕಾಗಿಯೇ ಈ ವಿನ್ಯಾಸ. 1980ರ ಕಾನೂನು ಬಂದ ಮೇಲೆ ತೋಟಗಳ ಒಕ್ಕಲು ಕುಟುಂಬಗಳು ಆ ನೆಲವನ್ನು ಚದರಡಿಗೆ ಹತ್ತು ಸೆಂಟ್‌ನಂತೆ ಕೊಳ್ಳುವುದು ಸಾಧ್ಯವಾಯಿತು.

ಟ್ರಿನಿಡಾಡ್, ಗಯಾನಾಗಳಿಗೆ ಲಕ್ಷಾಂತರ ಭಾರತೀಯ ಕೂಲಿಗಳು ಹೋದರು, ಬಾರ್ಬಡೋಸ್‌ಗೆ ಏಕೆ ಇಲ್ಲ ಎಂಬ ಪ್ರಶ್ನೆ ಸಹಜ. ಉತ್ತರ ಈ ಮನೆಗಳಲ್ಲೇ ಇದೆ. ಇಂಚು ನೆಲವನ್ನೂ ಕಬ್ಬು ಆವರಿಸಿದ್ದರಿಂದ ಸ್ವತಂತ್ರರಾದವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಹಳೆಯ ಒಡೆಯನಲ್ಲೇ ಕೂಲಿಗೆ ನಿಂತರು. ಹೊರಗಿನ ಕೂಲಿಯ ಅಗತ್ಯವೇ ಬೀಳಲಿಲ್ಲ. ಇಲ್ಲಿನ ಸಣ್ಣ ಭಾರತೀಯ ಸಮುದಾಯ ಇಪ್ಪತ್ತನೆಯ ಶತಮಾನದಲ್ಲಿ ಗಂಟು ಹೊತ್ತು ಬಟ್ಟೆ ಮಾರುತ್ತ ಬಂದ ಗುಜರಾತಿ ಮುಸ್ಲಿಮರದು, ನಂತರ ಬಂದ ಸಿಂಧಿ ವ್ಯಾಪಾರಿಗಳದು.

ಹೋಗುವವರಿಗೆ

ಭಾರತದಿಂದ ನೇರ ವಿಮಾನವಿಲ್ಲ. ಲಂಡನ್, ನ್ಯೂಯಾರ್ಕ್ ಅಥವಾ ಟೊರಾಂಟೊ ಮೂಲಕ ಹೋಗಬೇಕು. ಆ ದೇಶಗಳ ಪ್ರಯಾಣ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಎರಡು ಬಾರ್ಬಡೋಸ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್. ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಒಣಹವೆಯ ಡಿಸೆಂಬರ್‌ನಿಂದ ಏಪ್ರಿಲ್ ಹಿತಕರ, ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಸೈನಿಕರ ಮಾದರಿಯ ಚಿತ್ತಾರದ ಉಡುಪು ನಾಗರಿಕರಿಗೆ ನಿಷಿದ್ಧ, ಮಕ್ಕಳ ಅಂಗಿಯೂ ಸೇರಿ. ಕಡಲತೀರದ ಮ್ಯಾಂಚಿನೀಲ್ ಮರದ ಹಣ್ಣು ಸೇಬಿನಂತೆ ಕಂಡರೂ ಕಡು ವಿಷ. ಮಳೆ ಬಂದಾಗ ಅದರ ಕೆಳಗೆ ನಿಲ್ಲಬಾರದು, ಹನಿಯ ಜತೆ ಬೀಳುವ ಹಾಲು ಚರ್ಮವನ್ನು ಸುಡುತ್ತದೆ.

ಬಹುತೇಕ ಪ್ರವಾಸಗಳ ಪಟ್ಟಿಯಲ್ಲಿ ಇಲ್ಲದ ಒಂದು ಜಾಗವನ್ನು ಚಾಲಕನಿಗೆ ಹೇಳಿ ನೋಡಬಹುದು. ವಿಮಾನ ನಿಲ್ದಾಣದ ಕಡೆಯ ಕ್ರೈಸ್ಟ್ ಚರ್ಚ್ ಪ್ರಾಂತ್ಯದಲ್ಲಿ, ಕಬ್ಬಿನ ಗದ್ದೆಗಳ ನಡುವೆ ನ್ಯೂಟನ್ ತೋಟದ ಗುಲಾಮರ ಸ್ಮಶಾನವಿದೆ. ಸಮಾಧಿಕಲ್ಲುಗಳಿಲ್ಲ, ಹುಲ್ಲು ಬೆಳೆದ ಇಳಿಜಾರು ಅಷ್ಟೆ. ಸುಮಾರು 570 ಜನರನ್ನು ಇಲ್ಲಿ ಹೂಳಲಾಗಿದೆ ಎಂದು ಅಂದಾಜು. 1970ರ ದಶಕದಲ್ಲಿ ಜೆರೋಮ್ ಹ್ಯಾಂಡ್ಲರ್ ಮತ್ತು ಫ್ರೆಡರಿಕ್ ಲ್ಯಾಂಗ್ ನಡೆಸಿದ ಉತ್ಖನನದಲ್ಲಿ ವೃದ್ಧನೊಬ್ಬನ ಅಸ್ಥಿಯೊಂದಿಗೆ ಕೊರಳ ಹಾರವೊಂದು ದೊರೆಯಿತು. ನಾಯಿಯ ಕೋರೆಹಲ್ಲುಗಳು, ಮೀನಿನ ಬೆನ್ನೆಲುಬಿನ ತುಣುಕುಗಳು, ಗಾಜಿನ ಮಣಿಗಳು, ಏಳು ಕವಡೆಗಳು, ಜತೆಗೆ ಕೆಂಪು-ಕಿತ್ತಳೆ ಬಣ್ಣದ ಒಂದು ಅಕೀಕು ಮಣಿ. ಆತ ತನ್ನವರಿಗೆ ಔಷಧಿ ಕೊಡುತ್ತಿದ್ದ ವೈದ್ಯನಿರಬೇಕೆಂದು ಸಂಶೋಧಕರ ಊಹೆ. ಆ ಅಕೀಕು ಮಣಿ ಗುಜರಾತಿನ ಖಂಭಾತ್‌ನಲ್ಲಿ ತಯಾರಾಗಿ, ಪಶ್ಚಿಮ ಆಫ್ರಿಕಾದ ಮೂಲಕ ಅಲ್ಲಿಗೆ ತಲಪಿದ್ದಿರಬೇಕೆಂದು ಅವರು ಅಭಿಪ್ರಾಯಪಟ್ಟಿದ್ದಾರೆ.